ಪಕ್ಕದ ಸೀಟು ಒಂದೇ

ಬ್ಯಾಂಕಿನ ಕೆಲಸದ ಮೇಲೆ ಕಳೆದ ತಿಂಗಳು ಮತ್ತೆ ನೈರೋಬಿಗೆ ಹೋಗಿದ್ದೆ. ಕಿಲಿಮಾನಿಯಲ್ಲಿ ಹತ್ತಿದ ಟ್ಯಾಕ್ಸಿ ಲಂಗಾಟಾ ರಸ್ತೆಯಲ್ಲಿ ಒಂದು ಮಟಾಟು ಮಿನಿಬಸ್ಸಿನ ಹಿಂದೆ ಸಿಕ್ಕಿಕೊಂಡಿತು. ಆ ಮಟಾಟು ರಸ್ತೆಯ ನಟ್ಟನಡುವೆ ನಿಂತು, ಊರಿಗೆಲ್ಲ ಒಂದೇ ಬಸ್ಸು ತಾನೇ ಎಂಬ ಗಾಂಭೀರ್ಯದಿಂದ ಪ್ರಯಾಣಿಕರನ್ನು ತುಂಬಿಕೊಳ್ಳುತ್ತಿತ್ತು. ಸೆಕೆಯಾಗಿ ಕಿಟಕಿ ಇಳಿಸಿದೆ. ಎಡಗಡೆ ಬೇಲಿಯಾಚೆ ಸಣ್ಣ ವಿಮಾನಗಳ ನಿಲ್ದಾಣ. ಅಲ್ಲಿಂದ ಕತ್ತರಿಸಿದ ಹಸಿ ಹುಲ್ಲಿನ ವಾಸನೆಯ ಜೊತೆ ವಿಮಾನದ ಪೆಟ್ರೋಲಿನ ವಾಸನೆ ತೇಲಿ ಬಂತು. ಕಾರಿನ ಪೆಟ್ರೋಲಿನದಕ್ಕಿಂತ ಅದು ಬೇರೆ. ಸ್ವಲ್ಪ ಸಿಹಿ, ಸ್ವಲ್ಪ ಔಷಧಿ ಅಂಗಡಿ. ಕೆಲವರಿಗೆ ಆ ವಾಸನೆಯಲ್ಲಿ ಸಾಹಸ, ಸ್ವಾತಂತ್ರ್ಯ ಇತ್ಯಾದಿ ನೆನಪಾಗುತ್ತವಂತೆ. ನನಗೆ ನೆನಪಾದದ್ದು ಪಿಯುಸಿ ಪರೀಕ್ಷೆಯ ಬೆಳಗು.

ನಮ್ಮ ಮಗಳು ಅನಘಾ ನೈರೋಬಿಯಲ್ಲಿ ಶಾಲೆ ಮುಗಿಸಿದ ವರ್ಷದ ಮಾತು ಇದು. ಆ ವರ್ಷ ಮಾರ್ಚಿನಿಂದ ಆಗಸ್ಟಿನವರೆಗೆ, ಐವತ್ತು ದಾಟಿದ ಮೇಲೆ, ಆಗಲೇ ಬರುತ್ತಿದ್ದ ಒಂದು ವಿದ್ಯೆಯನ್ನು ನಾನು ಅ ಆ ಇ ಈಯಿಂದ ಮತ್ತೆ ಕಲಿತೆ. ಯಾಕೆ ಎಂದು ಹೇಳಬೇಕಾದರೆ ಅಮೆರಿಕದಿಂದ ಆರಂಭಿಸಬೇಕು. ಓದುಗರು ಕ್ಷಮಿಸಬೇಕು, ದಾರಿ ಸುತ್ತಾದರೂ ಬೇಗ ಮುಗಿಸುತ್ತೇನೆ.

ನಾನು ಬ್ಯಾಂಕಿನ ಆಂತರಿಕ ತಪಾಸಣೆಯವನು. ಬೇರೆಯವರು ನಿಯಮ ಪಾಲಿಸಿದ್ದಾರೋ ಇಲ್ಲವೋ ಎಂದು ನೋಡುವುದೇ ನನ್ನ ಅನ್ನದ ದಾರಿ. ನೈರೋಬಿಗೆ ಬರುವ ಮೊದಲು ಬ್ಯಾಂಕು ನನ್ನನ್ನು ಅಮೆರಿಕದ ನಡುಭಾಗದ ಒಂದು ಊರಿಗೆ ಕಳಿಸಿತ್ತು. ಆ ಊರಲ್ಲಿ ಜೋಳದ ಹೊಲ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ. ಭಾನುವಾರಗಳನ್ನು ಹೇಗೋ ಕಳೆಯಬೇಕಲ್ಲ, ಹೊಲದ ಅಂಚಿನ ಪುಟ್ಟ ರನ್‌ವೇಯಲ್ಲಿ ವಿಮಾನ ಹಾರಿಸಲು ಕಲಿತೆ. ಅಲ್ಲಿ ಸ್ಪೋರ್ಟ್ ಪೈಲಟ್ ಎಂಬ ಒಂದು ಲೈಸೆನ್ಸು ಇದೆ. ಸಜ್ಜನರು ಮಾಡಿದ ಕಾನೂನು. ಕನಿಷ್ಠ ಇಪ್ಪತ್ತು ಗಂಟೆ ಹಾರಿಸಿದರೆ ಪರೀಕ್ಷೆಗೆ ಕೂರಬಹುದು. ಡಾಕ್ಟರ ಸರ್ಟಿಫಿಕೇಟು ಬೇಡ, ಕಾರಿನ ಲೈಸೆನ್ಸಿದ್ದರೆ ಸಾಕು. ಕಾರು ಓಡಿಸುವವನಿಗೆ ಹೃದಯ, ಕಣ್ಣು, ಬುದ್ಧಿ ಮೂರೂ ಇದ್ದೇ ಇರುತ್ತವೆ ಎಂಬ ಉದಾರ ನಂಬಿಕೆ. ಅದಕ್ಕೆ ಬದಲಾಗಿ ಕೆಲವು ಕಟ್ಟುಪಾಡುಗಳು: ಹಗಲಲ್ಲೇ ಹಾರಬೇಕು, ನೆಲ ಕಾಣುತ್ತಿರಬೇಕು, ತೀರಾ ಎತ್ತರಕ್ಕೆ ಹೋಗಬಾರದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು. ಒಬ್ಬರನ್ನೇ.

ಎಡವಟ್ಟಾದದ್ದು ಈ ಒಬ್ಬರಲ್ಲಿ.

ಲೈಸೆನ್ಸು ಕೈಗೆ ಬಂದ ದಿನ ಹೆಂಡತಿ ವಿಶಾಲಾಕ್ಷಿಯ ಮುಂದೆ ಹಿಡಿದೆ. ಅವಳು ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಳು.

"ಎಷ್ಟು ಜನ ಕೂರಬಹುದು?"

"ನನ್ನ ಪಕ್ಕ ಒಬ್ಬರು."

"ಅಂದ್ರೆ ನೀವು ಅನಘಾನ ಕೂರಿಸ್ಕೊಂಡು ಮೇಲೆ ಹೋಗ್ತೀರಿ, ನಾನು ಕೆಳಗೆ ಕತ್ತೆತ್ಕೊಂಡು ನಿಂತಿರಬೇಕು."

"ನೀನೇ ಮೊದಲು ಬಾ."

"ಆಮೇಲೆ ಅವಳು ಕೆಳಗೆ ನಿಂತಿರಬೇಕಾ? ರೀ, ಹೋದ್ರೆ ಮೂರು ಜನಾನೂ ಒಟ್ಟಿಗೇ ಹೋಗೋದು. ಮೂವರಿಗೂ ಜಾಗ ಇರೋ ಲೈಸೆನ್ಸ್ ತನ್ನಿ, ಒಂದು ಮಾತಾಡದೆ ಬಂದು ಕೂತ್ಕೋತೀನಿ. ಅಲ್ಲೀವರೆಗೂ ಆ ಮಗೂನ ಆ ತಗಡಿನ ಡಬ್ಬಿ ಹತ್ತಿರ ಕರ್ಕೊಂಡ್ ಹೋಗ್ಬೇಡಿ."

ತೀರ್ಪು ಹೊರಬಿತ್ತು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಹೀಗಾಗಿ ಅಮೆರಿಕದಲ್ಲಿದ್ದಷ್ಟು ದಿನವೂ ನನ್ನ ಪಕ್ಕದ ಸೀಟಿನಲ್ಲಿ ಒಂದು ನೀರಿನ ಬಾಟಲಿ ಪ್ರಯಾಣ ಮಾಡಿತು.

ನೈರೋಬಿಗೆ ಬಂದು ಲೊರೆಶೋದಲ್ಲಿ ಮನೆ ಮಾಡಿದೆವು. ಹೂಬೇಲಿಗಳು, ಗೇಟಿಗೊಬ್ಬ ಕಾವಲುಗಾರ, ಮಧ್ಯಾಹ್ನವೆಲ್ಲ ಹಕ್ಕಿಗಳ ಗಲಾಟೆ ಬಿಟ್ಟರೆ ನಿಶ್ಶಬ್ದ. ಅನಘಾ ಅಲ್ಲಿನ ಶಾಲೆಯಲ್ಲಿ ಭೂಗೋಳದ ಮೇಷ್ಟ್ರೊಬ್ಬರ ಪ್ರಭಾವಕ್ಕೆ ಸಿಕ್ಕಿ ಕಲ್ಲುಗಳ ಹುಚ್ಚು ಹಿಡಿಸಿಕೊಂಡಳು. ಊರಿನ ಪಶ್ಚಿಮಕ್ಕೆ ನ್ಗೊಂಗ್ ಗುಡ್ಡಗಳು. ಅವುಗಳಾಚೆ ನೆಲ ಇದ್ದಕ್ಕಿದ್ದಂತೆ ಕುಸಿದು ರಿಫ್ಟ್ ಕಣಿವೆಯಾಗುತ್ತದೆ. ಭೂಮಿ ಅಲ್ಲಿ ನಿಧಾನವಾಗಿ ಎರಡು ಹೋಳಾಗುತ್ತಿದೆ ಎಂದು ಅವಳು ಊಟದ ಹೊತ್ತಿನಲ್ಲಿ ಚಪಾತಿ ಹರಿದು ತೋರಿಸುತ್ತಿದ್ದಳು. ಆಗಸ್ಟಿನಲ್ಲಿ ಸ್ಕಾಟ್ಲೆಂಡಿಗೆ ಭೂಗರ್ಭಶಾಸ್ತ್ರ ಓದಲು ಹೊರಡುವುದೆಂದು ನಿಶ್ಚಯವಾಯಿತು. ಒಂದು ಸಂಜೆ ಅವಳು ಹೇಳಿದಳು:

"ಅಪ್ಪಾ, ಐ ವಾಂಟ್ ಟು ಸೀ ದ ರಿಫ್ಟ್ ಫ್ರಮ್ ಅಬೊವ್. ಬಿಫೋರ್ ಐ ಗೋ. ನೀನು ಪೈಲಟ್ ಅಲ್ವಾ, ಟೆಕ್ನಿಕಲಿ?"

ಆ ಟೆಕ್ನಿಕಲಿ ಎಂಬುದು ನನಗೆ ನಾಟಿತು. ವಿಶಾಲು ಅವಳ ಹಿಂದೆ ನಿಂತು ಮೂರು ಬೆರಳು ತೋರಿಸಿದಳು. ಮೂವರೂ ಒಟ್ಟಿಗೆ, ಆಗಸ್ಟಿನೊಳಗೆ. ಆಮೇಲೆ ಮಗಳು ಒಂದು ಖಂಡದಲ್ಲಿ, ನಾವು ಇನ್ನೊಂದರಲ್ಲಿ; ಎಂಟು ತಿಂಗಳಾದರೆ ನನ್ನ ವರ್ಗಾವಣೆ ಬೇರೆ. ಈ ಮೂವರು ಒಂದೇ ವಿಮಾನದ ಕಿಟಕಿಯಿಂದ ಒಂದೇ ಕಣಿವೆಯನ್ನು ನೋಡುವುದಾದರೆ ಈ ಆರು ತಿಂಗಳಲ್ಲೇ ನೋಡಬೇಕು.

ಇದರಲ್ಲೇನಿದೆ ಕಷ್ಟ ಎಂದುಕೊಂಡೆ. ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲಂಗಾಟಾ ರಸ್ತೆಯ ಆ ನಿಲ್ದಾಣದ ಫ್ಲೈಯಿಂಗ್ ಕ್ಲಬ್ಬಿಗೆ ಹೋದೆ. ಅಲ್ಲಿನ ಮುಖ್ಯ ಶಿಕ್ಷಕರು ಕ್ಯಾಪ್ಟನ್ ಮ್ವಾಂಗಿ. ಎತ್ತರದ ಮನುಷ್ಯ, ಮಾತು ಮೆಲ್ಲಗೆ. ನನಗಿಂತ ಹತ್ತು ವರ್ಷ ಚಿಕ್ಕವರಾದ್ದರಿಂದ ಮೊದಲ ದಿನದಿಂದಲೇ ನನ್ನನ್ನು ಮ್ಜೇ ಎಂದರು. ಆ ದೇಶದಲ್ಲಿ ಹಿರಿಯರಿಗೆ ಕೊಡುವ ಗೌರವ ಅದು. ಎಷ್ಟೇ ಬೈದರೂ ಆ ಗೌರವ ಸೇರಿಸಿಯೇ ಬೈಯುತ್ತಾರೆ ಎಂಬುದು ಆಮೇಲೆ ತಿಳಿಯಿತು.

ಅವರು ನನ್ನ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಚೆನ್ನಾಗಿದೆ ಮ್ಜೇ. ಆದರೆ ಇದು ಅಮೆರಿಕದ ಆಕಾಶಕ್ಕೆ ಮಾತ್ರ. ಪ್ರೈವೇಟ್ ಲೈಸೆನ್ಸು ಎಲ್ಲ ದೇಶದವರೂ ಒಪ್ಪುವ ಅಳತೆ; ಅದಿದ್ದಿದ್ದರೆ, ಒಂದೆರಡು ಪರೀಕ್ಷೆ ಕೊಟ್ಟ ಮೇಲೆ ಇಲ್ಲಿಯದಕ್ಕೆ ಬದಲಾಯಿಸಿಕೊಡುತ್ತಿದ್ದರು. ಸ್ಪೋರ್ಟ್ ಆ ಅಳತೆಗೆ ಬರುವುದಿಲ್ಲ."

"ಹಾರಿದ ಗಂಟೆಗಳು?"

"ಕೆಲವನ್ನು ಲೆಕ್ಕಕ್ಕೆ ಹಿಡಿದಾರು. ಪರೀಕ್ಷೆಗಳೆಲ್ಲ ಹೊಸದಾಗಿ."

"ವಿಮಾನ ಅದೇ ವಿಮಾನ ತಾನೇ? ಗಾಳಿ ಅದೇ ಗಾಳಿ ತಾನೇ?"

"ಇಲ್ಲ ಮ್ಜೇ," ಎಂದರು ಕ್ಯಾಪ್ಟನ್ ಮ್ವಾಂಗಿ ಬಹಳ ವಿಷಾದದಿಂದ. "ಎರಡೂ ಅದಲ್ಲ. ಪೊಲೆ ಸಾನಾ."

ಪೊಲೆ ಸಾನಾ ಎಂದರೆ ತುಂಬಾ ಕ್ಷಮಿಸಿ. ಆ ಆರು ತಿಂಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಸ್ವಾಹಿಲಿ ಅದೇ.

ಇಲ್ಲಿಯ ಪ್ರೈವೇಟ್ ಲೈಸೆನ್ಸಿಗೆ ಮೊದಲ ಮೆಟ್ಟಿಲು ವೈದ್ಯಕೀಯ ಪರೀಕ್ಷೆ. ಪೈಲಟ್‌ಗಳನ್ನು ನೋಡುವ ಅಧಿಕಾರವಿರುವ ಡಾಕ್ಟರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ನಮ್ಮ ಪುಣ್ಯಕ್ಕೆ ಮಂಗಳೂರಿನ ಕ್ಯಾಥೊಲಿಕರು, ಡಾಕ್ಟರ್ ಲೋಬೋ. ನೈರೋಬಿಗೆ ಬಂದು ಮೂವತ್ತು ವರ್ಷವಾದರೂ ಅವರ ಕನ್ನಡ ಬಂದರಿನ ಹತ್ತಿರವೇ ಲಂಗರು ಹಾಕಿಕೊಂಡಿತ್ತು. ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದರು, ಯಂತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಊದಿದರು.

"ಎಂಥ ಮಾರಾಯ್ರೆ ಇದು, ಪ್ರೆಷರ್ ನೂರೆಪ್ಪತ್ತು ಉಂಟಲ್ಲ. ಅಮೆರಿಕದಲ್ಲಿ ಹೇಗೆ ಹಾರಿಸ್ತಾ ಇದ್ರಿ?"

"ಅಲ್ಲಿ ಕಾರಿನ ಲೈಸೆನ್ಸ್ ಇದ್ರೆ ಸಾಕು ಡಾಕ್ಟ್ರೇ. ಯಾರೂ ಪ್ರೆಷರ್ ನೋಡಲ್ಲ."

"ಹೌದಾ. ಹಾಗಾದ್ರೆ ನಿಮಗೆ ಪ್ರೆಷರ್ ಇರ್ಲಿಲ್ಲ ಅಲ್ಲಿ. ನೋಡದಿದ್ರೆ ಯಾರಿಗೂ ಇರುವುದಿಲ್ಲ." ಪೆನ್ನು ಎತ್ತಿಕೊಂಡವರು ಹಾಗೇ ಕೆಳಗಿಟ್ಟರು. "ಈಗ ನಾನು ಅನ್‌ಫಿಟ್ ಅಂತ ಬರೆದ್ರೆ ಏನಾಗ್ತದೆ ಗೊತ್ತುಂಟಾ? ಇಲ್ಲಿಯದ್ದು ಸಿಗುವುದಿಲ್ಲ, ಸರಿ. ಆದರೆ ನಿಮ್ಮ ಆ ಸಣ್ಣ ಲೈಸೆನ್ಸೂ ಹೋದ ಹಾಗೆಯೇ. ಮೈ ಸರಿ ಇಲ್ಲ ಅಂತ ಗೊತ್ತಿದ್ದವ ಕಾರಿನ ಲೈಸೆನ್ಸ್ ತೋರಿಸಿ ಹಾರಿಸುವ ಹಾಗಿಲ್ಲ ಅಲ್ವಾ? ದೊಡ್ಡದು ಕೇಳ್ಲಿಕ್ಕೆ ಬಂದು ಸಣ್ಣದೂ ಬಿಟ್ಟು ಹೋಗ್ತೀರಿ."

ನನಗೆ ಇದು ಹೊಳೆದೇ ಇರಲಿಲ್ಲ. ಇಂಥ ಅಪಾಯವನ್ನು ಯಾವನಾದರೂ ಗುಮಾಸ್ತ ಗಮನಿಸದೆ ಬಿಟ್ಟಿದ್ದರೆ ನಾನು ತಪಾಸಣಾ ವರದಿಯಲ್ಲಿ ಎರಡು ಪುಟ ಬರೆಯುತ್ತಿದ್ದೆ.

"ಈಗ ಬರೆಯುವುದಿಲ್ಲ ನಾನು. ಮೂರು ವಾರ ಬಿಟ್ಟು ಬನ್ನಿ. ಬೆಳಿಗ್ಗೆ ನಡೀರಿ. ಉಪ್ಪಿನಕಾಯಿ ತಿಂತೀರಾ?"

"ಸ್ವಲ್ಪ."

"ಮೈಸೂರಿನವರ ಸ್ವಲ್ಪ ನನಗೆ ಗೊತ್ತುಂಟು. ಬಾಟ್ಲಿ ಮನೆಯಿಂದ ಹೊರಗೆ ಹಾಕಿ."

ಬಾಟಲಿಗಳನ್ನು ವಿಶಾಲು ಹೊರಗೆ ಹಾಕಲಿಲ್ಲ. ಮೊಸರನ್ನಕ್ಕೆ ತಾನು ಮಾತ್ರ ನೆಂಚಿಕೊಳ್ಳುತ್ತ, ನನ್ನನ್ನು ಕನಿಕರದಿಂದ ನೋಡುತ್ತಿದ್ದಳು. ಮೂರು ವಾರ ನಾನು ಲೊರೆಶೋದ ಏರಿಳಿತಗಳನ್ನು ನಡೆದು ಸವೆಸಿದೆ. ಕೊನೆಗೆ ಡಾಕ್ಟರ್ ಲೋಬೋ ದಿನಕ್ಕೊಂದು ಮಾತ್ರೆಯ ಶರತ್ತಿನ ಮೇಲೆ ಸಹಿ ಹಾಕಿದರು. "ಇನ್ನು ಬಿದ್ರೆ ಪ್ರೆಷರ್‌ನಿಂದ ಅಲ್ಲ," ಎಂದು ಧೈರ್ಯವನ್ನೂ ಹೇಳಿದರು.

ಅಷ್ಟರಲ್ಲಿ ದೊಡ್ಡ ಮಳೆ ಹಿಡಿಯಿತು. ಮಾರ್ಚಿನ ಕೊನೆಯಿಂದ ಮೇ ತಿಂಗಳವರೆಗೆ ನೈರೋಬಿಯ ಮಳೆಗೆ ಒಂದು ಕಚೇರಿ ವೇಳೆ ಇರುತ್ತದೆ: ನನ್ನ ಪಾಠ ಯಾವಾಗಲೋ ಆವಾಗ. ಶನಿವಾರ ಹೋಗುವುದು, ಕ್ಲಬ್ಬಿನ ವರಾಂಡದಲ್ಲಿ ಹಾಲು ಹೆಚ್ಚಿದ ಚಹಾ ಕುಡಿಯುತ್ತ ಕೂರುವುದು, ರನ್‌ವೇ ಮೇಲೆ ನೀರು ಕುಣಿಯುವುದನ್ನು ನೋಡುವುದು, ಲಂಗಾಟಾ ರಸ್ತೆಯ ಟ್ರಾಫಿಕ್ಕಿನಲ್ಲಿ ಮನೆಗೆ ಮರಳುವುದು. ನಡುನಡುವೆ ಮೋಡ ಹರಿದಾಗ ಹಾರುವುದು. ಆ ಹಾರುವ ಸಮಯದಲ್ಲೇ ತಿಳಿದದ್ದು, ಕ್ಯಾಪ್ಟನ್ ಮ್ವಾಂಗಿ ಹೇಳಿದಂತೆ ವಿಮಾನವೂ ಅದಲ್ಲ, ಗಾಳಿಯೂ ಅದಲ್ಲ.

ಅಮೆರಿಕದಲ್ಲಿ ನಾನು ಹಾರಿಸಿದ್ದು ಇಬ್ಬರು ಕೂರುವ ಹಗುರ ವಿಮಾನ; ಬೆರಳಲ್ಲಿ ಮುಟ್ಟಿದರೆ ತಿರುಗುತ್ತಿತ್ತು. ಕ್ಲಬ್ಬಿನದು ನಾಲ್ಕು ಸೀಟಿನ ಮುದುಕ. ಏನು ಹೇಳಿದರೂ ಒಮ್ಮೆ ಯೋಚಿಸಿ, ಕೆಮ್ಮಿ, ಆಮೇಲೆ ಮಾಡುತ್ತಿತ್ತು. ಮೇಲಾಗಿ ನೈರೋಬಿ ಇರುವುದೇ ಐದೂವರೆ ಸಾವಿರ ಅಡಿ ಎತ್ತರದಲ್ಲಿ. ಸ್ಪೋರ್ಟ್ ಪೈಲಟ್‌ಗೆ ಸಾಮಾನ್ಯವಾಗಿ ಹತ್ತು ಸಾವಿರ ಅಡಿ ಮಿತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ನಗರ ನಿಂತಲ್ಲೇ ನುಂಗಿ ಕೂತಿದೆ. ಗಾಳಿ ತೆಳು. ಎಂಜಿನ್ನಿಗೂ ಅದೇ ಉಬ್ಬಸ, ರೆಕ್ಕೆಗೂ ಅದೇ ಉಬ್ಬಸ. ಜೋಳದ ಹೊಲದ ಮೇಲೆ ಜಿಂಕೆಯಂತೆ ನೆಗೆಯುತ್ತಿದ್ದವನು ಇಲ್ಲಿ ರನ್‌ವೇ ಮುಗಿಯುತ್ತ ಬಂದರೂ ಏಳುವ ಲಕ್ಷಣ ತೋರದ ಯಂತ್ರವನ್ನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ರೇಡಿಯೋದ ಕಥೆ ಇನ್ನೊಂದು. ಅಮೆರಿಕದ ನನ್ನ ರನ್‌ವೇಗೆ ಕಂಟ್ರೋಲ್ ಟವರೇ ಇರಲಿಲ್ಲ. ಸುತ್ತಮುತ್ತ ಯಾರಾದರೂ ಇದ್ದರೆ ಕೇಳಿಸಿಕೊಳ್ಳಲಿ ಎಂದು ಆಕಾಶಕ್ಕೆ ಒಂದು ಮಾತು ಹೇಳಿ ಇಳಿಯುತ್ತಿದ್ದೆವು. ಟವರಿರುವ ಕಡೆ ಹೋಗಲು ಸ್ಪೋರ್ಟ್ ಪೈಲಟ್‌ಗೆ ಬೇರೆ ಪಾಠವಾಗಬೇಕು, ನಾನು ಅದನ್ನು ಕಲಿತಿರಲಿಲ್ಲ. ನೈರೋಬಿಯಲ್ಲಾದರೆ ಟವರಿನ ಅಪ್ಪಣೆಯಿಲ್ಲದೆ ಗಾಲಿ ಉರುಳುವಂತಿಲ್ಲ. ಮತ್ತೆ ನೈರೋಬಿಯ ಒಂದು ರೀತಿಯಿದೆ: ಯಾರನ್ನೇ ಆಗಲಿ ಮೊದಲು ಕುಶಲ ಕೇಳದೆ ಕೆಲಸದ ಮಾತಿಗೆ ಇಳಿಯುವುದು ಅಸಭ್ಯತೆ. ನಮ್ಮ ಗೇಟಿನ ಕಾವಲುಗಾರನಿಗೆ ಬೆಳಗಿನ ಹಬಾರಿ ಹೇಳದೆ ಗೇಟು ತೆಗೆ ಎಂದರೆ ಅವನು ತೆಗೆಯುತ್ತಾನೆ, ಆದರೆ ಆ ದಿನವಿಡೀ ನಾವು ಅವನ ಪಾಲಿಗೆ ಕಾಡುಜನ. ನಾನೋ ಮೈಸೂರಿನವನು, ಪೀಠಿಕೆಯಿಲ್ಲದೆ ಟೈಮೂ ಕೇಳಿದವನಲ್ಲ. ಎರಡು ಸಂಸ್ಕೃತಿಗಳು ನನ್ನಲ್ಲಿ ಸಂಗಮವಾಗಿ ಮೊದಲ ದಿನ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ: ಶುಭೋದಯ ಮೇಡಂ, ಹೇಗಿದ್ದೀರಿ, ತಮಗೆ ತೊಂದರೆಯಾಗದಿದ್ದರೆ ಒಂದು ವಿನಂತಿ.

ಟವರಿನಲ್ಲಿದ್ದ ಹೆಣ್ಣುಮಗಳೂ ನೈರೋಬಿಯವಳೇ. ಒಂದು ಕ್ಷಣ ತಡೆದಳು. ಆಮೇಲೆ ಸಂಸ್ಕಾರ ಗೆದ್ದಿತು. "ನಾನು ಚೆನ್ನಾಗಿದ್ದೇನೆ ಸರ್, ನೀವು ಹೇಗಿದ್ದೀರಿ?"

ನಾನು ಹೇಗಿದ್ದೇನೆಂದು ಹೇಳಿದೆ. ಅಷ್ಟರಲ್ಲಿ ಇಳಿಯಲು ಬಂದಿದ್ದ ಪ್ರವಾಸಿಗರ ವಿಮಾನವೊಂದು ಅನುಮತಿ ಕೇಳಲು ರೇಡಿಯೋ ಖಾಲಿಯಿಲ್ಲದೆ ಇನ್ನೊಂದು ಸುತ್ತು ಹಾಕಿತು. ಕ್ಯಾಪ್ಟನ್ ಮ್ವಾಂಗಿ ಮೈಕನ್ನು ನನ್ನ ಕೈಯಿಂದ ಮೃದುವಾಗಿ ಬಿಡಿಸಿಕೊಂಡರು.

"ಮ್ಜೇ, ಉಳಿದ ಮದುವೆ ಮಾತುಕತೆ ಇಳಿದ ಮೇಲೆ. ಇಲ್ಲಿ ಮೂರೇ ವಿಷಯ: ನೀವು ಯಾರು, ಎಲ್ಲಿದ್ದೀರಿ, ಏನು ಬೇಕು."

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅನಘಾ ಟವರ್. ಮನೆಯೊಳಗೆ ಎಲ್ಲಿ ಓಡಾಡಬೇಕಾದರೂ ಅವಳ ಅಪ್ಪಣೆ ಬೇಕು. ನಾನು ಸೋಫಾದಿಂದ ಎದ್ದು, ನಾನು ಯಾರು, ಎಲ್ಲಿದ್ದೇನೆ, ಅಡುಗೆಮನೆಯಲ್ಲಿ ಕಾಫಿ ಬೇಕು ಎಂದು ವರದಿ ಮಾಡಬೇಕು.

"ನೆಗೆಟಿವ್. ಹೋಲ್ಡ್ ಪೊಸಿಷನ್," ಎನ್ನುತ್ತಿದ್ದಳು ಅವಳು ಮೊಬೈಲಿನಿಂದ ತಲೆಯೆತ್ತದೆ. "ಅಡುಗೆಮನೆ ರನ್‌ವೇ ಆಕ್ಯುಪೈಡ್. ಅಮ್ಮ ಈಸ್ ಲ್ಯಾಂಡಿಂಗ್ ದ ಕುಕ್ಕರ್."

"ಇವಳಿಗೆ ಹೇಳಿ ನಿಲ್ಲಿಸೋಕೆ," ಎಂದಳು ವಿಶಾಲು ಒಳಗಿನಿಂದ. "ಬಾತ್‌ರೂಮಿಗೂ ಕ್ಲಿಯರೆನ್ಸ್ ಕೇಳ್ತಿದ್ರಿ ನೆನ್ನೆ. ಮನೆಗೆ ಬಂದೋರೆದುರಿಗೆ."

ಎಲ್ಲಕ್ಕಿಂತ ಅಪಮಾನಕರವಾದದ್ದು ಟೋಪಿ. ಸ್ಪೋರ್ಟ್ ಪಾಠದಲ್ಲಿ ನನಗೆ ಒಂದೇ ಮಂತ್ರ ಹೇಳಿಕೊಟ್ಟಿದ್ದರು: ಕಣ್ಣು ಹೊರಗಿರಲಿ. ದಿಗಂತ ನೋಡು, ನೆಲ ನೋಡು, ಮೋಡ ಬಂದರೆ ಹಿಂದಿರುಗು. ಪ್ರೈವೇಟ್ ಪಾಠದವರು ಇನ್ನೂ ಮುಂದೆ ಯೋಚಿಸಿದ್ದಾರೆ. ಹಿಂದಿರುಗುವ ಮೊದಲೇ ಮೋಡ ನುಂಗಿದರೆ? ಅದಕ್ಕಾಗಿ ಹಣೆಗೆ ಒಂದು ಪ್ಲಾಸ್ಟಿಕ್ ಮರೆ ಕಟ್ಟುತ್ತಾರೆ. ನಮ್ಮೂರ ಟಾಂಗಾ ಕುದುರೆಯ ಕಣ್ಣುಪಟ್ಟಿಗೆ ದೂರದ ಸಂಬಂಧಿ. ಹೊರಗೇನೂ ಕಾಣುವುದಿಲ್ಲ, ಮುಂದಿನ ಗಡಿಯಾರಗಳಂಥ ಮಾಪಕಗಳು ಮಾತ್ರ. ನಾನು ನೇರವಾಗಿ, ಸಮವಾಗಿ, ಒಬ್ಬ ಗೃಹಸ್ಥನಿಗೆ ತಕ್ಕ ಘನತೆಯಿಂದ ಹಾರುತ್ತಿದ್ದೇನೆಂದು ನನ್ನ ಮೈಯೆಲ್ಲ ಸಾಕ್ಷಿ ಹೇಳುತ್ತಿತ್ತು.

"ಈಗ ಟೋಪಿ ತೆಗೆಯಿರಿ," ಎಂದರು ಕ್ಯಾಪ್ಟನ್.

ತೆಗೆದೆ. ಕಿಟಕಿಯ ತುಂಬ ನೆಲ. ರಾಷ್ಟ್ರೀಯ ಉದ್ಯಾನದ ಜಿರಾಫೆಗಳು ಓರೆಯಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ಓರೆಯಾಗಿದ್ದದ್ದು ಅವಲ್ಲವೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ವಿಮಾನ ಬಲಕ್ಕೆ ವಾಲಿಕೊಂಡು ನಿಧಾನವಾಗಿ ಸುರುಳಿ ಸುತ್ತುತ್ತ ಇಳಿಯುತ್ತಿತ್ತು. ಕ್ಯಾಪ್ಟನ್ ಮ್ವಾಂಗಿ, ನಾವು ಕುಳಿತುಕೊಳ್ಳಲು ಬಳಸುವ ದೇಹದ ಭಾಗವನ್ನು ಹೆಸರಿಸಿ, ಅದು ಹೇಳುವುದನ್ನು ಇನ್ನು ಮುಂದೆ ನಂಬಬಾರದು ಎಂದರು. ಮ್ಜೇ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ. ಇಪ್ಪತ್ತು ಗಂಟೆಗೆ ಒಂದು ಲೈಸೆನ್ಸು ಕೊಟ್ಟವರ ಮೇಲೆ ಸಿಟ್ಟು, ಪ್ರೈವೇಟಿಗೆ ನಲವತ್ತು ಗಂಟೆ ಕೇಳುವವರ ಮೇಲೂ ಸಿಟ್ಟು. ಇವರಿಬ್ಬರೂ ಒಂದು ಕಡೆ ಕೂತು ಮಾತಾಡಬಾರದೇ? ಒಬ್ಬನೇ ಮನುಷ್ಯ ಒಂದು ದೇಶದಲ್ಲಿ ಪೈಲಟ್, ಇನ್ನೊಂದು ದೇಶದಲ್ಲಿ ಜಿರಾಫೆಗಳ ತಮಾಷೆ! ವಿಶಾಲು ತಟ್ಟೆ ಎತ್ತಿಕೊಳ್ಳುತ್ತ, "ಬಿಟ್ಬಿಡಿ, ಅವಳು ಯೂಟ್ಯೂಬಿನಲ್ಲಿ ನೋಡ್ಕೋತಾಳೆ ಆ ಕಣಿವೇನ," ಎಂದಳು. ಅವಳು ಅಂದದ್ದು ಸಮಾಧಾನಕ್ಕೆ. ನಾನು ಮರುದಿನವೇ ಇನ್ನೆರಡು ಪಾಠ ಬರೆಸಿದೆ.

ಮಳೆ ಹೋಯಿತು, ಚಳಿ ಬಂತು. ಜೂನ್, ಜುಲೈಯಲ್ಲಿ ನೈರೋಬಿಯ ಮೇಲೆ ಬೂದು ಕಂಬಳಿಯಂಥ ಮೋಡ ಬೆಳಗಾಗುವ ಮೊದಲೇ ಹಾಸಿಕೊಂಡು ಮಧ್ಯಾಹ್ನದ ಹತ್ತಿರ ಏಳುತ್ತದೆ. ಸ್ವೆಟರ್ ಹಾಕಿಕೊಂಡು ಅದೇ ವರಾಂಡ, ಅದೇ ಚಹಾ. ಆದರೂ ಒಂದೊಂದಾಗಿ ಮುಗಿಯಿತು: ಲಿಖಿತ ಪರೀಕ್ಷೆಗಳು, ಟೋಪಿಯ ಗಂಟೆಗಳು, ಒಬ್ಬನೇ ದೂರದ ಊರುಗಳಿಗೆ ಹೋಗಿ ಬರುವ ಪರೀಕ್ಷೆ. ಕೊನೆಯದರಲ್ಲಿ ಒಂದು ಮಣ್ಣಿನ ರನ್‌ವೇ ಮೇಲೆ ಹಸುಗಳು ಮಲಗಿದ್ದವು. ಅವಕ್ಕೆ ಅಪ್ಪಣೆ ಕೊಟ್ಟವರು ಯಾರೋ. ನಾನು ಮೂರು ಸಲ ಮೇಲಿಂದ ಹಾರಿದ ಮೇಲೆ ಒಂದೊಂದಾಗಿ ಎದ್ದು, ತಮ್ಮ ಅಸಮಾಧಾನ ದಾಖಲಿಸಿ, ಹೋದವು.

ಜುಲೈಯ ಕೊನೆಗೆ ಪರೀಕ್ಷಕಿ ಬಂದರು. ನರೆತ ಕೂದಲಿನ, ನಗುವೆಂಬುದನ್ನು ಬಹಳ ಹಿಂದೆ ಕಂಡು ಬೇಡವೆಂದು ಬಿಟ್ಟವರಂತಿದ್ದ ಹೆಂಗಸು. ಕೇಳಬೇಕಾದ್ದು ಕೇಳಿದರು, ಟೋಪಿ ಹಾಕಿಸಿದರು, ಎಂಜಿನ್ ಕೆಟ್ಟಿತೆಂದು ನಟಿಸಿದರು, ನಾನು ಕೆಟ್ಟದ್ದಕ್ಕೆ ತಕ್ಕಂತೆ ನಟಿಸಿದೆ. ಇಳಿದ ಮೇಲೆ ಪಾಸು ಎಂದರು. ಚಹಾ ಕುಡಿದರು. ಹೋದರು. ಇಷ್ಟೆಲ್ಲ ಕಾಡಿದ ಸಂಗತಿ ಇಷ್ಟು ಸಪ್ಪೆಯಾಗಿ ಮುಗಿದದ್ದು ನನಗೆ ಕೊನೆಯ ಅನ್ಯಾಯವಾಗಿ ಕಂಡಿತು.

ಅನಘಾ ಹೊರಡುವ ಹಿಂದಿನ ಶನಿವಾರ ನಮ್ಮ ದಿನವೆಂದು ಗೊತ್ತಾಗಿತ್ತು. ಭಾನುವಾರ ಅವಳ ವಿಮಾನ. ಕ್ಲಬ್ಬಿನಲ್ಲಿ ನಾಲ್ಕು ಸೀಟಿನವು ಎರಡು. ಒಳ್ಳೆಯ ಎಂಜಿನ್ನಿನದನ್ನು ನಾನು ವಾರ ಮೊದಲೇ ಕಾದಿರಿಸಿದ್ದೆ. ಹೋಗಿ ನೋಡಿದರೆ ಅದು ಮುಂದಿನ ಪ್ರೊಪೆಲ್ಲರ್ ಇಲ್ಲದೆ, ಹಲ್ಲು ಕೀಳಿಸಿಕೊಂಡವರಂತೆ ನಿಂತಿತ್ತು. ರಿಪೇರಿಗೆ ಕಳಿಸಿದ್ದಾರಂತೆ. ಪೊಲೆ ಸಾನಾ. ಉಳಿದದ್ದು ನನ್ನ ಮುದುಕ.

ಬೆಳಿಗ್ಗೆ ಬೇಗ ಹೊರಟಿದ್ದರೆ ಗಾಳಿ ತಣ್ಣಗಿದ್ದು, ದಟ್ಟವಾಗಿದ್ದು, ಮುದುಕನೂ ಮೂವರನ್ನು ಹೊರುತ್ತಿದ್ದ. ಆದರೆ ಬೆಳಿಗ್ಗೆ ಮೋಡ. ಮೋಡ ಏಳಬೇಕಾದರೆ ಬಿಸಿಲು ಬರಬೇಕು. ಬಿಸಿಲು ಬಂದರೆ ಗಾಳಿ ಇನ್ನೂ ತೆಳುವಾಗುತ್ತದೆ. ಮಧ್ಯಾಹ್ನ ಆಕಾಶ ತೆರೆದಾಗ ನ್ಗೊಂಗ್ ಗುಡ್ಡಗಳು ತೊಳೆದಿಟ್ಟಂತೆ ಕಂಡವು. ಅನಘಾ ಆಗಲೇ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಇಟ್ಟು ಬಂದಿದ್ದಳು. ವಿಶಾಲು ಹೊಸ ಸಲ್ವಾರು ಹಾಕಿಕೊಂಡು, ಮಡಿಲಲ್ಲಿ ಭಾರವಾದ ಕೈಚೀಲ ಇಟ್ಟುಕೊಂಡು, ದಂತವೈದ್ಯರ ಸರದಿಗೆ ಕಾಯುವವಳಂತೆ ಬೆಂಚಿನ ಮೇಲೆ ಕೂತಿದ್ದಳು. ಆರು ತಿಂಗಳ ಹಿಂದೆ ಮೂರು ಬೆರಳು ತೋರಿಸಿದವಳು ಮಾತಿಗೆ ತಪ್ಪದೆ ಬಂದಿದ್ದಳು.

ನಾನು ಲೆಕ್ಕ ಹಾಕಿದೆ. ಮೂವರ ತೂಕ, ಪೆಟ್ರೋಲಿನ ತೂಕ, ಬಿಸಿಲು, ಎತ್ತರ. ವಿಮಾನದ ಪುಸ್ತಕದ ಪ್ರಕಾರ ಅದು ಏಳುತ್ತದೆ. ಏಳುತ್ತದೆ, ಅಷ್ಟೆ. ಗುಡ್ಡ ದಾಟಲು ಉಳಿಯುವ ಕಸುವು ಕಾಗದದ ಮೇಲೆಯೇ ಕೂದಲೆಳೆಯಷ್ಟು. ಆ ಪುಸ್ತಕ ಬರೆದದ್ದು ಎಂಜಿನ್ ಹೊಸದಾಗಿದ್ದಾಗ. ಮತ್ತೊಮ್ಮೆ ಹಾಕಿದೆ, ಪೆಟ್ರೋಲು ಕಡಿಮೆ ಮಾಡಿ. ಕಣಿವೆ ನೋಡಿ ಮರಳುವಷ್ಟು ಇಟ್ಟುಕೊಂಡರೆ ಮತ್ತೆ ಅಲ್ಲಿಗೇ ಬಂತು.

ಕ್ಯಾಪ್ಟನ್ ಮ್ವಾಂಗಿಯವರ ಕಡೆ ನೋಡಿದೆ. ಅವರು ಪಕ್ಕದಲ್ಲೇ ನಿಂತು ಆಕಾಶ ನೋಡುತ್ತಿದ್ದರು.

"ಏನಂತೀರಿ ಕ್ಯಾಪ್ಟನ್?"

"ನನ್ನನ್ನು ಯಾಕೆ ಕೇಳುತ್ತೀರಿ ಮ್ಜೇ? ಇವತ್ತು ಕ್ಯಾಪ್ಟನ್ ನೀವು."

ಆಗ ನನಗೆ ಆ ಎರಡು ಲೈಸೆನ್ಸುಗಳ ನಡುವಿನ ವ್ಯತ್ಯಾಸ ಪೂರ್ತಿ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಂತೋಷವಾಗಲಿಲ್ಲ, ಮೈ ಉರಿಯಿತು. ಸ್ಪೋರ್ಟ್ ಲೈಸೆನ್ಸಿನಲ್ಲಿ ಬೇಡ ಎನ್ನುವ ಕೆಲಸವನ್ನು ಕಾನೂನೇ ಮಾಡಿಟ್ಟಿರುತ್ತದೆ. ಒಬ್ಬರೇ, ಹಗಲೇ, ಇಷ್ಟೇ ಎತ್ತರ. ಬೈಯಬೇಕಾದರೆ ಕಾನೂನನ್ನು ಬೈದುಕೊಂಡು ಮನೆಗೆ ಹೋಗಬಹುದು. ಪ್ರೈವೇಟಿನಲ್ಲಿ ಕಾನೂನು ಸೀಟುಗಳನ್ನೆಲ್ಲ ನಮ್ಮ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಬೇಡ ಎನ್ನಬೇಕಾದವನು ನಾನೊಬ್ಬನೇ. ಮೂವರನ್ನು ಕೂರಿಸುವ ಅಧಿಕಾರಕ್ಕಾಗಿ ಉಪ್ಪಿನಕಾಯಿ ಬಿಟ್ಟು, ಟೋಪಿ ಹಾಕಿ, ಹಸುಗಳನ್ನು ಎಬ್ಬಿಸಿ, ಕೊನೆಗೆ ಆ ಅಧಿಕಾರದಿಂದ ನಾನು ಮಾಡಬಹುದಾದದ್ದು ಮೂವರನ್ನು ಕೂರಿಸದಿರುವುದು.

ಬೆಂಚಿನ ಹತ್ತಿರ ಹೋದೆ.

"ಮೂವರು ಆಗಲ್ಲ."

"ವಾಟ್ ಡು ಯು ಮೀನ್?" ಎಂದಳು ಅನಘಾ. "ನಾಲ್ಕು ಸೀಟಿದೆ ಅಪ್ಪಾ."

"ಸೀಟಿದೆ. ಗಾಳಿ ಇಲ್ಲ. ನಾನೂ ಇನ್ನೊಬ್ಬರೂ ಆದ್ರೆ ಆರಾಮಾಗಿ ಹೋಗುತ್ತೆ. ಮೂವರು ಅಂದ್ರೆ... ಹೋಗ್ಬಹುದೇನೋ. ಹೋಗ್ಬಹುದೇನೋ ಅಂತ ನಿಮ್ಮಿಬ್ಬರನ್ನ ಕೂರಿಸ್ಕೊಂಡು ಹೋಗಲ್ಲ ನಾನು."

ಅನಘಾ ತುಟಿ ಕಚ್ಚಿಕೊಂಡು ಗುಡ್ಡದ ಕಡೆ ತಿರುಗಿದಳು. ಅವಳು ಜಗಳವಾಡಿದ್ದರೆ ಸುಲಭವಾಗುತ್ತಿತ್ತು. ವಿಶಾಲು ಮಾತ್ರ ನನ್ನನ್ನೇ, ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು.

"ನೀವು ಆಗಲ್ಲ ಅಂದ್ರಾ ಈಗ?"

"ಅಂದೆ."

"ಮದುವೆ ಆದಾಗಿಂದ ನಿಮ್ಮ ಬಾಯಲ್ಲಿ ಈ ಮಾತು ಕೇಳಿಲ್ಲ ನಾನು. ಆಫೀಸಲ್ಲಿ ಎಲ್ಲದಕ್ಕೂ ಇಲ್ಲ ಅಂತೀರಿ, ಮನೇಲಿ ಎಲ್ಲದಕ್ಕೂ ಆಗುತ್ತೆ ಅಂತೀರಿ. ಸೋರೋ ನಲ್ಲಿಗೂ ಆಗುತ್ತೆ, ಮುಚ್ಚದೇ ಇರೋ ಸೂಟ್‌ಕೇಸಿಗೂ ಆಗುತ್ತೆ. ಇದಕ್ಕೂ ಆಗುತ್ತೆ ಅಂತೀರಿ, ನಾನೂ ಹಲ್ಲು ಕಚ್ಚಿ ಕೂತ್ಕೊಳ್ಳೋದು ಅಂತ ರಾತ್ರಿಯೆಲ್ಲ ತಯಾರಾಗಿ ಬಂದಿದ್ದೆ."

ಅವಳು ಮಗಳ ಬೆನ್ನ ಮೇಲೆ ಕೈಯಿಟ್ಟಳು.

"ಅನಘಾ, ಹೋಗು. ನಿಮ್ಮಪ್ಪನ ಪಕ್ಕ ಕೂತ್ಕೋ."

"ಬಟ್ ಅಮ್ಮಾ, ನೀನು ಹೇಳಿದ್ದು..."

"ಹೇಳಿದ್ದು ನಾನೇ ಅಲ್ವಾ. ಬೆಲ್ಟ್ ಸರಿಯಾಗಿ ಹಾಕ್ಕೋ. ಹೋಗಿ ಬನ್ನಿ ಇಬ್ಬರೂ."

ತರಕಾರಿ ತರಲು ಕಳಿಸುವ ದನಿಯಲ್ಲೇ ಹೇಳಿದಳು. ಕೈಚೀಲದ ಹಿಡಿಯನ್ನು ಮಾತ್ರ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಟವರಿನ ಅಪ್ಪಣೆ ಪಡೆದು ಎದ್ದೆವು. ಇಬ್ಬರ ಭಾರಕ್ಕೆ ಮುದುಕ ಗೊಣಗದೆ ಏರಿದ. ಗುಡ್ಡದ ಸಾಲು ಕೆಳಗೆ ಜಾರಿತು, ಅದರ ಬೆನ್ನಿಗೇ ಭೂಮಿ ಮುಗಿದುಹೋಯಿತು. ಮೆಟ್ಟಿಲು ಮೆಟ್ಟಿಲಾಗಿ ಕುಸಿದ ಕಂದು ನೆಲ, ಅದರ ತಳದಲ್ಲಿ ಬಿಸಿಲಿನ ಮಂಜು. ಅನಘಾ ಕ್ಯಾಮೆರಾ ಮುಟ್ಟಲೇ ಇಲ್ಲ. ಯಾವ ಹೋಳು ಯಾವ ಕಡೆ ಸರಿಯುತ್ತಿದೆ ಎಂದು ಕೈಯಿಂದ ತೋರಿಸುತ್ತ ಮಾತಾಡುತ್ತಲೇ ಇದ್ದಳು. ಅರ್ಧ ನನಗೆ ಅರ್ಥವಾಗಲಿಲ್ಲ. ನಾನು ಎತ್ತರದ ಮಾಪಕ, ಎಂಜಿನ್ನಿನ ಬಿಸಿ, ಮೋಡದ ಅಂಚು ಇವುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಆ ಕಣಿವೆಯನ್ನು ನಾನು ಸರಿಯಾಗಿ ನೋಡಿದ್ದು ಆಮೇಲೆ, ಬೇರೆಯವರು ತೆಗೆದ ಫೋಟೋಗಳಲ್ಲಿ.

ಇಳಿದು, ಹುಲ್ಲಿನ ಅಂಚಿಗೆ ಬಂದು ಎಂಜಿನ್ ಆರಿಸಿದೆ. ಪ್ರೊಪೆಲ್ಲರ್ ಪೂರ್ತಿ ನಿಲ್ಲುವುದನ್ನು ಕ್ಯಾಪ್ಟನ್ ಮ್ವಾಂಗಿಯವರ ಪಕ್ಕದಲ್ಲಿ ನಿಂತು ಕಾಯುತ್ತಿದ್ದ ವಿಶಾಲು, ಅವರು ಕೈಸನ್ನೆ ಮಾಡಿದ ಕೂಡಲೇ ಸರಸರ ನಡೆದು ಬಂದು ಬಾಗಿಲು ತೆಗೆದಳು. ಮಗಳ ಮುಖವನ್ನು ಒಮ್ಮೆ ನೋಡಿದಳು, ಕೆನ್ನೆ ಮುಟ್ಟಿದಳು.

"ಇಳಿ," ಎಂದಳು. "ಈಗ ನಾನು."

ನಾನು ಅವಳ ಕೈಚೀಲದ ಕಡೆ ನೋಡಿದೆ. ಅದರಲ್ಲಿ ಬಾಳೆಹಣ್ಣು, ನೀರು, ಛತ್ರಿ, ವಾಂತಿ ಬಂದರೆ ನಿಂಬೆಹಣ್ಣು, ಇನ್ನೂ ಏನೇನೋ ಇದ್ದವು.

"ಇದೆಷ್ಟು ತೂಕ ಇದೆ?"

ಯಾವ ಪ್ರಯಾಣದಲ್ಲೂ ಯಾವ ಸಾಮಾನನ್ನೂ ಬಿಟ್ಟು ಬಂದ ಚರಿತ್ರೆ ಅವಳಿಗಿಲ್ಲ. ಈಗ ಮಾತ್ರ ತಿರುಗಿ, ಆ ಚೀಲವನ್ನು ಕ್ಯಾಪ್ಟನ್ ಮ್ವಾಂಗಿಯವರ ತೋಳಿಗೆ ತೂಗುಹಾಕಿ, ನನ್ನ ಪಕ್ಕ ಹತ್ತಿ ಕೂತು ಬೆಲ್ಟು ಎಳೆದುಕೊಂಡಳು.